ಮೂರು ಜನರ ವೇಷ

ನವೆಂಬರ್ ೧೨, ಬುಧವಾರ, ಬೇಲೆಕೇರಿ

ಸ್ವಸ್ತಿಶ್ರೀ ಎರಡು ಕೋಣೆಗಳ ಏಕಚ್ಛತ್ರಾಧಿಪತಿ, ಗಂಜಿ-ಉಪ್ಪಿನಕಾಯಿ ಪ್ರತಿಪಾಲಕ ಮಹಾಬಲೇಶ್ವರ ಮಹಾರಾಜರ ಸನ್ನಿಧಾನಕ್ಕೆ ಇಂದಿನ ವರದಿ.

ಅಪ್ಪ, ಅವ್ವೆ ಗೋವಾಕ್ಕೆ ಕೂಲಿಗೆ ಹೋಗಿ ತಿಂಗಳಾಯಿತು. ಅಕ್ಕ ಮದುವೆಯಾಗಿ ಕದ್ವಾಡದಲ್ಲಿದ್ದಾಳೆ. ಆದ್ದರಿಂದ ರಾಜಪರಿವಾರದ ಚಿತ್ರಮಾಲೆಗೆ ನಾನೊಬ್ಬನೇ ನಿಂತೆ. ಅಪ್ಪನ ಲುಂಗಿ ಉಟ್ಟು, ಇದ್ದಿಲಿನಲ್ಲಿ ಮೀಸೆ ಬರೆದುಕೊಂಡು, ಕಳೆದುಹೋದ ಕತ್ತಿ ಹುಡುಕಿದೆ. ಅವ್ವೆಯ ಸೀರೆ ಸುತ್ತಿಕೊಂಡು ಮೀನು ಕೊಯ್ಯುತ್ತಾ ಬೆಕ್ಕಿಗೆ ಬೈದೆ. ಅಕ್ಕನ ಹಳೆಯ ದುಪಟ್ಟಾ ಹೊದ್ದು ಕನ್ನಡಿ ಬಿಡದೆ ನಿಂತೆ. ಮೂರೂ ಫೋಟೋಗಳನ್ನು ಸ್ಟೇಟಸ್ಸಿಗೆ ಹಾಕಿದೆ. ನೋಡಿದವಳೇ ಅಕ್ಕ ಭಾನುವಾರ ಓಡಿ ಬರುತ್ತಾಳೆ ಎಂಬುದು ಗುಪ್ತ ರಾಜತಂತ್ರ.

ಅಕ್ಕನ ಫೋನು ಬಂತು. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

"ಏ ಮಾಬ್ಲಾ, ಅವ್ವೆ ಬೈಯೂ ಮೋರೆ ಹಾಂಗೇ ಬಂದದಲೋ! ಫೋಟೋ ಯಾರು ತೆಗ್ದ್ರು?"

"ಆಸ್ಥಾನ ಛಾಯಾಗ್ರಾಹಕರು!"

"ದೋಸ್ತರೆಲ್ಲ ಬಂದಾರೆ ಹಂಗಾರೆ. ನೀ ಒಬ್ನೇ ಇದ್ದೆ ಅಂತ ನಾ ಭಾನುವಾರ ಬರೂವಳಿದ್ದೆ ಮಾರಾಯ. ಇನ್ನು ಮುಂದಿನ ತಿಂಗಳೇ ಬರ್ತೆ, ಅಡ್ಡಿಲ್ಲ ಅಲಾ?"

"ಅಡ್ಡಿಲ್ಲ," ಎಂದು ಮಹಾರಾಜರು ಅಪ್ಪಣೆ ಕೊಡಿಸಿದರು.

ಆಸ್ಥಾನದಲ್ಲಿ ಯಾರೂ ಇರಲಿಲ್ಲ. ಅಕ್ಕಿ ಡಬ್ಬಿಗೆ ಫೋನ್ ಒರಗಿಸಿ ಟೈಮರ್ ಒತ್ತಿದ್ದೆ. ಇನ್ನೊಂದು ಮಾತು: ಒತ್ತಿ ಓಡುವಾಗ ಪ್ರತಿ ಸಲವೂ, "ಎಲ್ರೂ ನಗಿ" ಎಂದು ಕೂಗಿದ್ದೆ.