ಮೇಷ್ಟ್ರು ಸಂಕ ದಾಟಿದ ಸುದ್ದಿ

ಪ್ರೀತಿಯ ಲಲಿತಕ್ಕ,

ಅಕ್ಷರ ಕೆಟ್ಟದಾಗಿದೆ, ಬೈಯಬೇಡಿ. ವಾರವಿಡೀ ಕಣದಲ್ಲಿ ಒಣಹಾಕಿದ ಕಾಫಿ ಎಳೆದು ಎಳೆದು ಬೆರಳು ಪೆನ್ನಿಗೆ ಬಗ್ಗುತ್ತಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕಾಗುಣಿತ ಹೇಗಿರುತ್ತದೆಂದು ನಿಮಗೆ ಗೊತ್ತೇ ಇದೆ. ನಾನು ತಪ್ಪು ಬರೆದಲ್ಲೆಲ್ಲ ನೀವು ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ ಗೀಟು ಎಳೆಯುತ್ತಿದ್ದಿರಿ. ಈ ಕಾಗದಕ್ಕೆ ಯಾರು ಎಳೆಯುತ್ತಾರೆ?

ಮೊದಲ ಸಲ ನಿಮ್ಮ ಅಂಗಡಿಗೆ ಬಂದದ್ದು ಅಮ್ಮನ ಹಸಿರು ರವಿಕೆ ಒಯ್ಯಲು. ರವಿಕೆ ಆಗಿರಲಿಲ್ಲ. "ಕೂತ್ಕೊ ಮಾರಾಯ್ತಿ, ಹುಕ್ಕು ಹಾಕಿದ್ರೆ ಮುಗೀತು" ಎಂದು ಮಿಷನ್ನಿನ ಹಿಂದಿನ ಕಪಾಟಿನಿಂದ ಒಂದು ಹಳೇ ಕಾದಂಬರಿ ತೆಗೆದು ನನ್ನ ಮಡಿಲಿಗೆ ಹಾಕಿದಿರಿ. ಹುಕ್ಕು ಹಾಕಿ ಆಯಿತು, ಕತ್ತಲೂ ಆಗುತ್ತ ಬಂತು, ನಾನು ಏಳಲಿಲ್ಲ. ಗೋಣಿಬೀಡಿನಲ್ಲಿ ರವಿಕೆಯ ಜೊತೆ ಪುಸ್ತಕವನ್ನೂ ಕೊಟ್ಟು ಕಳಿಸುವ ಟೈಲರು ನೀವೊಬ್ಬರೇ. ನನ್ನ ಬಾಯಿಂದ ಎರಡು ಮಾತು ಹೊರಡಿಸಲು ನಿಮಗೆ ಎಷ್ಟು ತಿಂಗಳು ಬೇಕಾಯಿತೋ. ಆಮೇಲೆ ನಿಲ್ಲಿಸುವುದೇ ಕಷ್ಟವಾಯಿತು, ಅಲ್ಲವೇ?

ಹೋದ ಮಳೆಗಾಲದಲ್ಲಿ ನಿಮ್ಮ ಯಜಮಾನರ ತಿಥಿಯ ದಿನ ನಾನೂ ಅಲ್ಲಿದ್ದೆ. ಎಲೆಯ ಮೇಲೆ ಎಡೆ ಇಟ್ಟು ಕಾಗೆಗೆ ಕಾಯುತ್ತಿದ್ದಿರಿ. ಆ ಮಳೆಯಲ್ಲಿ ಯಾವ ಕಾಗೆ ಬರುತ್ತದೆ? ಕಾದು ಕಾದು ಕೊನೆಗೆ ಹಿತ್ತಲಿನಿಂದ ಒದ್ದೆಯಾದ ಕೆಂಚು ಬೆಕ್ಕಿನ ಮರಿಯೊಂದು ಬಂದು ಎಲೆಗೆ ಬಾಯಿ ಹಾಕಿತು. ನಾನು ಓಡಿಸಲು ಎದ್ದರೆ ನೀವು ಕೈ ಹಿಡಿದಿರಿ. "ಬಿಡೇ, ಊಟ ಮಾಡ್ಲಿ. ಮೇಷ್ಟ್ರು ಯಾವತ್ತೂ ತಡ ಮಾಡೇ ಬರೋರು." ಶಾಲೆಯ ಮೇಷ್ಟ್ರಾಗಿದ್ದ ನಿಮ್ಮ ಯಜಮಾನರ ಹೆಸರು ಆವತ್ತೇ ಬೆಕ್ಕಿಗೆ ಬಂತು, ಬಹುವಚನವೂ ಬಂತು. ಮೇಷ್ಟ್ರು ಹಾಲು ಕುಡಿದ್ರಾ, ಮೇಷ್ಟ್ರು ಎಲ್ಲಿ ಹೋದ್ರು. ರವಿಕೆಯ ಅಳತೆ ಕೊಡಲು ಬಂದ ಹೆಂಗಸರು ಗಾಬರಿಯಾಗಿ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ನಾನು ಬರೆದುಕೊಟ್ಟ ಕಥೆ ಓದಿದ ದಿನ ನೀವು ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲಿದೆ. ಒಬ್ಬಳು ಮನೆ ಬದಲಿಸುತ್ತಾಳೆ, ಅವಳ ಬೆಕ್ಕು ಮಾತ್ರ ಹಳೇ ಮನೆಗೆ ವಾಪಸು ಹೋಗಿ ಮುಚ್ಚಿದ ಬಾಗಿಲ ಮುಂದೆ ಕೂರುತ್ತದೆ. ಅಷ್ಟೇ ಕಥೆ. "ಈ ಬೆಕ್ಕು ಯಾರೇ?" ಎಂದಿರಿ. "ಬೆಕ್ಕು ಅಂದ್ರೆ ಬೆಕ್ಕೇ ಅಕ್ಕ" ಎಂದೆ. ಎಷ್ಟು ನಕ್ಕಿರಿ! ಕಥೆಯೊಳಗೆ ಕಾಲಿಟ್ಟ ಮೇಲೆ ಬೆಕ್ಕು ಬರೀ ಬೆಕ್ಕಲ್ಲ, ಮಳೆ ಬರೀ ಮಳೆಯಲ್ಲ, ಅಳಲಾರದವರ ಬದಲಿಗೆ ಅಲ್ಲಿ ಆಕಾಶ ಅಳುತ್ತದೆ, ಹೆಂಗಸರ ಕಥೆಯಲ್ಲಿ ಮನೆಯೆಂದರೆ ಆ ಹೆಂಗಸೇ ಎಂದು ಪುಸ್ತಕ ತೆಗೆತೆಗೆದು ತೋರಿಸಿದಿರಿ. ನಾನು ಬಿಡಲಿಲ್ಲ. "ಹಾಗಾದ್ರೆ ಎಸ್ಟೇಟ್ ಲೈನ್ ಮನೇಲಿರೋ ನಾವ್ ಎಂತ? ನಮ್ ಗೋಡೆ ಅರ್ಧ ಪಕ್ಕದವ್ರದ್ದು." ನೀವು ಸೂಜಿಗೆ ದಾರ ಪೋಣಿಸುತ್ತ, "ನಾನು ಬಾಡಿಗೆ ಮಳಿಗೆ ಕಣೇ. ಸಾಹುಕಾರ್ರು ಬಿಡು ಅಂದ್ರೆ ಬಿಡಬೇಕು" ಎಂದಿರಿ.

ಕಥೆಯ ಕೊನೆ ಬರೆಯಲು ನೀವು ಬಿಡಲಿಲ್ಲ. "ಬೆಕ್ಕು ಯಾಕ್ ವಾಪಸ್ ಹೋಯ್ತು ಅಂತ ನಿಂಗೇ ಗೊತ್ತಿಲ್ಲ. ಗೊತ್ತಾದ್ಮೇಲೆ ಬರಿ." ಅದಾಗಿ ಎರಡೇ ವಾರಕ್ಕೆ ಆಸ್ಪತ್ರೆಯ ಮಂಚದಲ್ಲಿ ನನ್ನ ಕೈ ಹಿಡಿದು, "ಮೇಷ್ಟ್ರಿಗೆ ಒಂದ್ ಮನೆ ಮಾಡ್ಕೊಡ್ತೀಯಲ್ಲ?" ಎಂದಿರಿ. ಹೂಂ ಎಂದೆ. ಇನ್ನೇನು ಹೇಳಲಿ? ನಿಮ್ಮನ್ನು ಸ್ಮಶಾನಕ್ಕೆ ಒಯ್ದ ದಿನ ಎಂಥಾ ಬಿಸಿಲು ಅಂತೀರಿ! ಒಂದು ಮೋಡವಿಲ್ಲ. ಪೇಟೆಯವರೆಲ್ಲ ಹಾಸಿಗೆ ಒಣಹಾಕಿದ್ದರು. ಆ ಆಕಾಶದ ಮೇಲೆ ನನಗೆ ಬಂದ ಸಿಟ್ಟು...

ಮೇಷ್ಟ್ರನ್ನು ಮನೆಗೆ ತರುವ ವಿಧಾನ ಹೇಳಿಕೊಟ್ಟದ್ದು ಪಕ್ಕದ ಮನೆಯ ರತ್ನಕ್ಕ. "ಪಾದಕ್ಕೆ ಬೆಣ್ಣೆ ಹಚ್ಚು. ಗೋಣಿಚೀಲಕ್ಕೆ ಹಾಕಿ ಗರಗರ ತಿರುಗ್ಸು. ಹಳ್ಳ ದಾಟಿಸಿದ್ಯೋ, ದಾರಿ ಮರ್ತು ಹೋಗ್ತದೆ." ಎಲ್ಲ ಮಾಡಿದೆ. ನಿಮ್ಮ ಅಂಗಡಿಯ ಹಿಂದಿನ ಹಳ್ಳಕ್ಕೆ ಹಾಕಿದ ಮರದ ಸಂಕ ದಾಟಿದರೆ ನಮ್ಮ ಲೈನು, ಹೆಚ್ಚು ದೂರವೇನಲ್ಲ. ಚೀಲ ಬಿಚ್ಚಿದೆ. ಮೇಷ್ಟ್ರು ಒಲೆಯ ಪಕ್ಕ ಕೂತು ಸಮಾಧಾನವಾಗಿ ಬೆಣ್ಣೆ ನೆಕ್ಕಿ ಮುಗಿಸಿದರು. ಆಮೇಲೆ ಎದ್ದು, ಸಂಕದ ಮೇಲೆ ನಡೆದು, ನಿಮ್ಮ ಮುಚ್ಚಿದ ಬಾಗಿಲ ಮುಂದೆ ಹೋಗಿ ಕೂತರು. ಮತ್ತೆ ತಂದೆ, ಮತ್ತೆ ಹೋದರು. "ಬೆಣ್ಣೆಗೋಸ್ಕರ ಬರ್ತಿದ್ದಾರೆ ನಿಮ್ ಮೇಷ್ಟ್ರು" ಎಂದು ಅಮ್ಮ ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಇದು ನನ್ನದೇ ಕಥೆ ಅಲ್ಲವಾ? ನಾನು ಬರೆದದ್ದು ನನ್ನ ಕಣ್ಣೆದುರೇ ನಡೆಯುತ್ತಿತ್ತು.

ಆವತ್ತಿನಿಂದ ನನಗೆ ನೆಮ್ಮದಿ ಇಲ್ಲ ಅಕ್ಕ. ನೀವು ಕಲಿಸಿದ್ದು ಪುಸ್ತಕದೊಳಗೇ ನಿಲ್ಲಲಿಲ್ಲ. ಮಂಜು ಎದ್ದರೆ ನೀವೇನೋ ಮುಚ್ಚಿಡುತ್ತಿದ್ದೀರಿ ಅನ್ನಿಸುತ್ತದೆ. ಗಾಳಿಗೆ ಬಾಗಿಲು ಬಡಿದರೆ ಎದ್ದು ನೋಡುತ್ತೇನೆ. ಬೆಕ್ಕು ನಿಮ್ಮ ಬಾಗಿಲಲ್ಲಿ ಕೂತದ್ದು ನಾನು ಮಾತು ಉಳಿಸಿಕೊಳ್ಳಲಿಲ್ಲ ಎಂದು ಹೇಳಲಿಕ್ಕೇ ಅನ್ನಿಸುತ್ತದೆ. ಎಲ್ಲದಕ್ಕೂ ಅರ್ಥವಿದ್ದರೆ ಮನುಷ್ಯರು ಬದುಕುವುದು ಹೇಗೆ? ಇದನ್ನು ನೀವು ಹೇಳಿಕೊಡಲೇ ಇಲ್ಲ.

ಒಂದು ದಿನ ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಕಣದಲ್ಲಿ ಎಲ್ಲರಿಗೂ ಆ ಕಥೆ ಓದಿ ಹೇಳಿದೆ. ಬೆಕ್ಕು ಬಾಗಿಲಲ್ಲಿ ಕೂತಾಗ ದೊಡ್ಡ ಮಳೆ ಬರುವಂತೆ ಬರೆದಿದ್ದೆನಲ್ಲ, ನಿಮಗೆ ತುಂಬ ಹಿಡಿಸಿದ್ದ ಜಾಗ. ರತ್ನಕ್ಕ ತುತ್ತು ಅಲ್ಲೇ ಹಿಡಿದಳು. "ಯಾವ್ ತಿಂಗಳೇ ಅದು?"

"ಜನವರಿ."

"ಅಯ್ಯೋ! ಕಣದಲ್ಲಿದ್ದ ಕಾಫಿಗೆ ಟಾರ್ಪಾಲ್ ಎಳ್ದೋರು ಯಾರು?"

ಅಷ್ಟೇ ಸಾಕಾಯಿತು. ಕಾಫಿ ನೆನೆಯಿತಾ, ಆಳುಗಳ ಮೇಸ್ತ್ರಿ ಎಲ್ಲಿ ಸತ್ತಿದ್ದ, ಆ ಹೆಂಗಸು ಅಳುತ್ತ ಕೂರುವ ಬದಲು ಹೊರಗೆ ಬಂದು ಒಂದು ತುದಿ ಹಿಡಿಯಬಾರದಿತ್ತಾ. ಎಲ್ಲರೂ ನನ್ನ ನಾಯಕಿಯನ್ನು ಬೈದದ್ದೇ ಬೈದದ್ದು. ನೀವಿದ್ದರೆ ಯಾರ ಪಕ್ಷ ವಹಿಸುತ್ತಿದ್ದಿರಿ? ನಗುತ್ತಿದ್ದಿರಿ, ಅದು ಗೊತ್ತು. ಸಂಜೆ ಮನೆಗೆ ಹೋಗುವಾಗ ರತ್ನಕ್ಕ ಒಬ್ಬಳೇ ಹತ್ತಿರ ಬಂದು, "ಆ ಬೆಕ್ಕಿಗೆ ಆಮೇಲ್ ಎಂತ ಆಯ್ತೇ?" ಎಂದು ಮೆಲ್ಲಗೆ ಕೇಳಿದಳು.

ಅದಕ್ಕೆ ಉತ್ತರ ಸಿಕ್ಕಿದ್ದು ಹೋದ ಗುರುವಾರ. ನಿಮ್ಮ ಮಳಿಗೆಯನ್ನು ಸಾಹುಕಾರರು ಮೊಬೈಲಿಗೆ ಕರೆನ್ಸಿ ಹಾಕುವ ಹುಡುಗನೊಬ್ಬನಿಗೆ ಕೊಟ್ಟಿದ್ದಾರೆ. ಸಾಮಾನು ಖಾಲಿ ಮಾಡಿಸಲು ಬೀಗ ತೆಗೆಸಿದವರು, ಪುಸ್ತಕ ಬೇಕಾದರೆ ಒಯ್ಯಿ ಎಂದು ಹೇಳಿ ಕಳಿಸಿದರು. ನಾನು ಒಳಗೆ ಹೋದೆ. ನೂಲಿನ ವಾಸನೆ ಹಾಗೆಯೇ ಇತ್ತು. ಮಿಷನ್ನಿನ ಕೆಳಗಿನ ಚಿಂದಿಬಟ್ಟೆಯ ಡಬ್ಬದೊಳಗಿಂದ ಏನೋ ಸಣ್ಣಗೆ ಕೂಗಿತು. ಬಗ್ಗಿ ನೋಡಿದೆ.

ಕೂತುಕೊಂಡು ಕೇಳಿ ಅಕ್ಕ. ಮೇಷ್ಟ್ರು ಮೂರು ಮರಿ ಹಾಕಿದ್ದಾರೆ.

ಹೌದು, ನಮ್ಮ ಮೇಷ್ಟ್ರೇ! ಹಿಂದುಗಡೆ ಹಂಚು ಜಾರಿದ ಸಂದಿಯಲ್ಲಿ ಇಳಿದು, ಮರಿಗಳಿಗೆ ಹಾಲು ಕೊಡುತ್ತ ಮಲಗಿದ್ದರು. ನನ್ನನ್ನು ನೋಡಿ, ಪಾಠದ ಮಧ್ಯೆ ಬಂದ ದಡ್ಡಿಯನ್ನು ನೋಡುವ ಹಾಗೆ ಒಂದು ಸಲ ಕಣ್ಣು ಬಿಟ್ಟರು. ಬೆಣ್ಣೆ ತಿಂದು ದಪ್ಪಗಾಗಿದ್ದಾರೆ ಅಂದುಕೊಂಡಿದ್ದೆವಲ್ಲ! ನಾನು ಅಲ್ಲೇ ನೆಲದ ಮೇಲೆ ಕೂತು ನಕ್ಕೆ. ನಗುತ್ತ ನಗುತ್ತ ಅದು ಬೇರೆಯೇ ಆಯಿತು. ನೀವು ಹೋದ ದಿನ ಬಾರದೇ ಇದ್ದದ್ದು ಆಗ ಬಂತು. ಹೊರಗೆ ಮಾತ್ರ ಆವತ್ತಿನಂಥದೇ ಬಿಸಿಲು.

ಸಾಹುಕಾರರು ಬಾಗಿಲಲ್ಲಿ ನಿಂತು, "ಬೆಕ್ಕಿನ ಬಾಣಂತನಕ್ಕೂ ನನ್ ಮಳಿಗೇನೇ ಬೇಕಾಯ್ತಾ?" ಎಂದರು. ನಾನು ಯಾರಿಗೂ ಎದುರು ಮಾತಾಡಿದವಳಲ್ಲ. ಆವತ್ತು, "ನಾಲ್ಕು ದಿನ ಬಿಡಿ ಸಾಹುಕಾರ್ರೇ, ಅವ್ರೇ ಹೋಗ್ತಾರೆ" ಎಂದುಬಿಟ್ಟೆ. ಅವರು ನನ್ನ ಮುಖ ನೋಡಿ, ಮರಿಗಳನ್ನು ನೋಡಿ, "ಸೋಮವಾರ ಖಾಲಿ ಆಗ್ಬೇಕು. ಆಮೇಲೆ ನನ್ನ ಕೇಳ್ಬೇಡ" ಎಂದು ಹೋದರು.

ಕೈಯಲ್ಲಿ ಎತ್ತಿ ತರಬಹುದಿತ್ತು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದಂತೆ, ನಾವು ಮುಟ್ಟಿದರೆ ಕಣ್ಣಿಗೆ ಬೀಳದ ಕಡೆ ಒಯ್ಯುತ್ತದಂತೆ. ರತ್ನಕ್ಕ ಹಾಗೆಂದಳು. ಚೀಲದಲ್ಲಿ ತಂದು ಸೋತವಳಿಗೆ ಇನ್ನೊಮ್ಮೆ ಧೈರ್ಯ ಬರಲಿಲ್ಲ. ನಿಮ್ಮ ಕಪಾಟಿನಿಂದ ಬೇರೆ ಚಿಂದಿಗಳನ್ನು ಆರಿಸಿ ತಂದು ನಮ್ಮ ಒಲೆಯ ಪಕ್ಕ ಬೆತ್ತದ ಕುಕ್ಕೆಗೆ ಹಾಸಿದೆ. ಅಮ್ಮನ ಆ ಹಸಿರು ರವಿಕೆಯ ಉಳಿದ ತುಂಡೂ ಅದರಲ್ಲಿತ್ತು. ಕಾಯುತ್ತಿದ್ದೇನೆ. ಕಾಯುವುದು ನನಗೆ ಬರುವುದಿಲ್ಲ, ನಿಮಗೆ ಗೊತ್ತು. ಗಂಜಿ ಸೀದು ಹೋಗಿದೆ, ಎರಡು ಸಲ.

ಹಾಗಾದರೆ ಬೆಕ್ಕು ವಾಪಸು ಹೋದದ್ದು ನಿಮಗೋಸ್ಕರ ಅಲ್ಲ, ಅಲ್ಲವಾ? ಹೆರಲು ಜಾಗ ನೋಡುತ್ತಿತ್ತು, ಅಷ್ಟೇ. ಒಂದು ಕಡೆ ಎದೆ ಹಗುರಾಯಿತು. ಆದರೂ ಇಡೀ ಪೇಟೆಯಲ್ಲಿ ಅಷ್ಟು ಅಟ್ಟ, ಅಷ್ಟು ಸೌದೆ ಕೊಟ್ಟಿಗೆ ಇರುವಾಗ ನಿಮ್ಮ ಚಿಂದಿಯ ಡಬ್ಬವೇ ಯಾಕೆ? ಬೆಚ್ಚಗಿತ್ತು ಎಂದೋ, ಅಥವಾ... ಇರಲಿ. ಎರಡನ್ನೂ ಬರೆಯುತ್ತೇನೆ. ಮಳೆಯನ್ನು ತೆಗೆದಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನನ್ನ ಕಥೆಯಲ್ಲಿ ಆವತ್ತು ಚೆನ್ನಾಗಿ ಬಿಸಿಲಿರುತ್ತದೆ. ಮುಗಿದ ಮೇಲೆ ಮೊದಲು ರತ್ನಕ್ಕನಿಗೆ ಓದಿ ಹೇಳುತ್ತೇನೆ, ಆಮೇಲೆ ಪತ್ರಿಕೆಗೆ ಕಳಿಸುತ್ತೇನೆ. ಇದು ನಿಮಗೆ ಕೊಡುತ್ತಿರುವ ಮಾತು.

ಇವತ್ತು ಭಾನುವಾರ. ಬೆಳಿಗ್ಗೆ ಒಲೆಗೆ ಬೆಂಕಿ ಮಾಡುವಾಗ ಮೇಷ್ಟ್ರು ಬಾಯಲ್ಲಿ ಒಂದು ಮರಿ ಕಚ್ಚಿಕೊಂಡು ಸಂಕದ ಮೇಲೆ ಬರುತ್ತಿರುವುದು ಕಂಡಿತು. ನಾನು ಒಲೆಯಿಂದ ಪಕ್ಕಕ್ಕೆ ಸರಿದೆ. ಒಳಗೆ ಬಂದರು, ಕುಕ್ಕೆಯ ಸುತ್ತ ನಡೆದರು, ಹಸಿರು ತುಂಡನ್ನು ಮೂಸಿದರು, ಮರಿಯನ್ನು ಅದರ ಮೇಲಿಟ್ಟರು. ನನ್ನ ಕಡೆ ನೋಡದೆ ಮತ್ತೆ ಸಂಕದ ಕಡೆ ಹೋದರು. ಇನ್ನೂ ಎರಡಿವೆ. ನಮ್ಮ ಹಿಂಬಾಗಿಲು ಸ್ವಲ್ಪ ಗಾಳಿ ಬಂದರೂ ತಾನಾಗಿ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಒಂದು ಕಲ್ಲು ಒತ್ತಿಟ್ಟು ಬಂದು ಇದನ್ನು ಬರೆಯಲು ಕೂತೆ.

ನಿಮ್ಮ
ಸುಮಿತ್ರ