ನಿನ್ನ ಮಗಳ ತೂಕ

ಮಾರುತೇಶ,

ಈ ಕಾಗದವನ್ನು ಮೊಳಕಾಲ್ಮೂರಿಗೆ ಕಳಿಸುವುದಿಲ್ಲ. ನಿನ್ನ ಮನೆಯಲ್ಲಿ ಈಗ ಕಾಗದ ಓದುವವರು ಇಬ್ಬರಿದ್ದಾರೆ.

ಇವತ್ತು ನಿನ್ನ ಹೆಂಡತಿ ಜ್ವರ ಬಂದ ಮಗಳನ್ನು ಎತ್ತಿಕೊಂಡು ಚಳ್ಳಕೆರೆಯ ನಮ್ಮ ಮೆಡಿಕಲ್ ಶಾಪಿಗೆ ಬಂದಿದ್ದಳು. ನಿಮ್ಮ ಮದುವೆ ಫೋಟೋದಲ್ಲಿ ನೋಡಿದ್ದರಿಂದ ಗುರುತು ಸಿಕ್ಕಿತು. ಅವಳಿಗೆ ನಾನು ಯಾರೋ ಔಷಧ ಕೊಡುವವಳು.

"ತೂಕ ಕೇಳ್ದಲೇ ಸಿರಪ್ ಕೊಟ್ರೆ ತಗಾಬ್ಯಾಡ ಅಂತ ನಮ್ಮನೆಯೋರು ಹೇಳವ್ರೆ ಅಕ್ಕಾ," ಎಂದಳು.

ಹೇಳದೆ ಇರುತ್ತೀಯಾ? ಡಿ.ಫಾರ್ಮಾ ಓದುವಾಗ ಡೋಸಿನ ಲೆಕ್ಕ ತಲೆಗೆ ಹತ್ತದೆ ಅತ್ತ ನನಗೆ, ನಿಮ್ಮ ಮನೆಯಲ್ಲಿ ರೇಷ್ಮೆಗೆ ಬಣ್ಣ ಹಾಕುವುದನ್ನು ಹೇಳಿ ಕಲಿಸಿದವನು ನೀನು. "ಮೊದ್ಲು ನೂಲು ತೂಗ್ಬೇಕು, ಆಮ್ಯಾಲೆ ಬಣ್ಣ ಕದಡ್ಬೇಕು. ಮೈಗೂ ಹಂಗೇ ಕಣೇ." ಓದು ಮುಗಿಯಲಿ, ಆಮೇಲೆ ನಮ್ಮ ಮದುವೆ ಎಂದವಳು ನಾನು.

ಡಾಕ್ಟರು ಕಿಲೋಗೆ ಹದಿನೈದು ಮಿಲಿಗ್ರಾಂ ಎಂದು ಬರೆದಿದ್ದರು. ನಿನ್ನ ಮಗಳು ತೂಕದ ಮಷೀನಿನ ಮೇಲೆ ಕೂರಲೊಲ್ಲಳು. ಅವಳನ್ನು ಎತ್ತಿಕೊಂಡು ನಾನೇ ಮಷೀನು ಹತ್ತಿದೆ. ನನ್ನ ಕುತ್ತಿಗೆಗೆ ಬಿಸಿ ಹಣೆಯಿಟ್ಟು ಸುಮ್ಮನಾದಳು. ಇಬ್ಬರದೂ ಸೇರಿ ಅರವತ್ತು ಕಿಲೋ. ಅದರಲ್ಲಿ ಅವಳದೆಷ್ಟು ಎಂದು ತಿಳಿಯಲು, ಅವಳನ್ನು ತಾಯಿಯ ಕೈಗೆ ಕೊಟ್ಟು ನಾನೊಬ್ಬಳೇ ಮತ್ತೆ ನಿಲ್ಲಬೇಕಿತ್ತು.

ನಿಂತೆ. ಐವತ್ತೆರಡು.

ಮಗಳದು ಎಂಟು ಕಿಲೋ, ನೂರಿಪ್ಪತ್ತು ಮಿಲಿಗ್ರಾಂ, ಅಂದರೆ ಸಿರಪ್ಪು ಐದು ಎಂ.ಎಲ್. ಲೆಕ್ಕ ಎಲ್ಲೂ ತಪ್ಪಲಿಲ್ಲ, ಮಾರುತೇಶ.

ಪ್ರೇಮಲತಾ