ಐದು ಕ್ಯಾಲೆಂಡರ್

ಅಪ್ಪಯ್ಯ,

ಇವತ್ತು ನನ್ನ ಪಿಎಚ್‌ಡಿ ಇಂಟರ್‌ವ್ಯೂ ಆಯಿತು. ಎಂ.ಟೆಕ್ ಮೊದಲ ವರ್ಷದಲ್ಲೇ ಅಪ್ಲೈ ಮಾಡಿದ್ದು ಅವಸರವಾಯಿತೇನೋ ಅನ್ನಿಸುತ್ತಿತ್ತು.

ಟಾಪಿಕ್, ನಮ್ಮ ಬಿಜೂರಿನ ಹೊಳೆಗೆ ಉಪ್ಪುನೀರು ಏರುವುದು. ಡೇಟಾ ನಿಮ್ಮದೇ. ಪ್ರತಿ ವರ್ಷ ನೀವು ಹೊಳೆಯ ನೀರನ್ನು ಬಾಯಿಗೆ ಹಾಕಿ ನೋಡಿ, ಉಪ್ಪು ಸಿಕ್ಕಿದ ದಿನಕ್ಕೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ, ಉಪ್ಪುನೀರು ಮೇಲೇರದಂತೆ ಹೊಳೆಯ ಕಟ್ಟಕ್ಕೆ ಹಲಗೆ ಇಳಿಸುತ್ತಿದ್ದಿರಲ್ಲ, ಅದು. ನೀವು ಹೋದ ಮೇಲೂ ಆ ಕ್ಯಾಲೆಂಡರುಗಳು ಮೊಳೆಯಲ್ಲೇ ಇವೆ.

"ನಡುವೆ ಐದು ವರ್ಷ ಯಾಕೆ ಖಾಲಿ?" ಎಂದು ಪ್ರೊಫೆಸರ್ ಕೇಳಿದರು.

"ಡೇಟಾ ಲಾಸ್, ಸರ್" ಅಂದೆ.

ಆ ಐದು ವರ್ಷದ ಕ್ಯಾಲೆಂಡರ್ ಹಾಳೆಗಳಿಂದಲೇ ನೀವು ನನ್ನ ಹಾಸ್ಟೆಲ್ ಪುಸ್ತಕಗಳಿಗೆ ಬೈಂಡ್ ಹಾಕಿದ್ದು. "ದಪ್ಪ ಕಾಗ್ದ ಮಗಾ, ಹರಿತಿಲ್ಲೆ" ಅಂದಿದ್ದಿರಿ. ಬಸ್ಸು ಕುಂದಾಪುರ ಮುಟ್ಟುವ ಮೊದಲೇ ನಾನು ಅವನ್ನು ಕಿತ್ತು ಬಿಸಾಡಿ, ಅಂಗಡಿಯ ಬ್ರೌನ್ ಕವರ್ ಹಾಕುತ್ತಿದ್ದೆ.

ಅಮ್ಮ ಫೋನ್ ಮಾಡಿದ್ದಳು. "ಎಂತ ಅಂದ್ರ್? ಸೀಟ್ ಸಿಕ್ಕತ್ತಾ?"

"ಸಿಕ್ಕದಿದ್ರೆ ಮುಂದಿನ್ ವರ್ಷ ಮತ್ತೆ ಹಾಕ್ತೆ" ಅಂದೆ. ಈ ವರ್ಷದ ಕ್ಯಾಲೆಂಡರ್ ಯಾರೂ ಮುಟ್ಟಬಾರದೆಂದೂ ಹೇಳಿದೆ.

ನವೆಂಬರಿನಲ್ಲಿ ಉಪ್ಪು ಅಳೆಯುವ ಮೀಟರ್ ಹಿಡಿದು ಹೊಳೆಗೆ ಇಳಿಯುತ್ತೇನೆ. ಆದರೆ ಮೊದಲು ಬಾಯಿಗೆ ಹಾಕಿ ನೋಡುತ್ತೇನೆ. ರುಚಿ ನೋಡು ಬಾ ಎಂದು ನೀವು ಅಷ್ಟು ಸಲ ಕರೆದಾಗ ನಾನು ಬರಲೇ ಇಲ್ಲ.

ರಮಿತಾ